ಬೇವಿನ ಪೆಟ್ಟಿಗೆಯ ಚುಟ್ಟ

ದೇವದುರ್ಗ
12 ನವೆಂಬರ್ 1978

ಹೊಗೆ ಮಾರುವ, ಹೊಗೆಯ ರುಚಿ ಅರಿಯದ ಸತ್ತಾರ್ ಸಾಬನಿಗೆ,

ನೀನು ಕಳಿಸಿದ ಚುಟ್ಟದ ಕಟ್ಟು ಬಸ್ ಕಂಡಕ್ಟರನ ಕೈಯಿಂದ ಮುಟ್ಟಿತು. ಬರುವ ದಾರಿಯಲ್ಲಿ ಅವನು ಒಂದನ್ನು ಸೇದಿದ್ದಾನೆ. ಕೇಳಿದರೆ, "ಮಾಸ್ತರ್ರ ಬಾಯಿಗೆ ಹೋಗೋದಕ್ಕ ಮೊದ್ಲ ಯಾರಾರ ನೋಡಬೇಕಲ್ರೀ" ಅಂದ. ಪರೀಕ್ಷಕನ ಮೇಲೊಬ್ಬ ಪರೀಕ್ಷಕ. ನಮ್ಮ ಶಿಕ್ಷಣ ಇಲಾಖೆಯೇ ಬಸ್ಸಿಗೆ ಬಂದು ಕೂತ ಹಾಗಾಯಿತು.

ಇನ್ನು ಫಲಿತಾಂಶ. ಎರಡು ವರ್ಷ ಇಟ್ಟ ಮಾಲು. ಕಣ್ಣಿಗೆ ಹೊರ ಎಲೆ ಒಣ ಖರ್ಜೂರದ ಬಣ್ಣ, ನರ ಎದ್ದು ಕಾಣುವುದಿಲ್ಲ. ಮೂಗಿಗೆ ಹಳೆಯ ಗೋಣಿಚೀಲ, ಅದರ ಹಿಂದೆ ಸ್ವಲ್ಪ ಬೆಲ್ಲ. ಕಡ್ಡಿ ಗೀರುವ ಮೊದಲು ಬರಿದೇ ಎಳೆದು ನೋಡಿದೆ, ಗಾಳಿ ಸಲೀಸಾಗಿ ಬಂತು. ಸುತ್ತುವ ಮೂಕಮ್ಮನ ಕೈ ಇನ್ನೂ ಗಟ್ಟಿಯಿದೆ ಎಂದು ಅರ್ಥ. ಹಚ್ಚಿದ ಮೇಲೆ ಮೊದಲ ದಮ್ಮುಗಳು ಒರಟು, ಸಾಲ ಕೇಳಲು ಬಂದ ಬೀಗನಂತೆ ಕೆಮ್ಮುತ್ತ ಒಳಗೆ ಬಂದವು. ನಡುವಿಗೆ ಬಂದಾಗ ಹುರಿದ ಕಡಲೆಯ ರುಚಿ. ಕೊನೆಯಲ್ಲಿ ತುಸು ಖಾರ. ಬೂದಿ ಬೂದು ಬಣ್ಣಕ್ಕೇ ನಿಂತಿತು, ಬೆಳ್ಳಗಾಗಲಿಲ್ಲ.

ಎಳೆದರೆ ಎದೆಯಲ್ಲಿ ಬೆಲ್ಲದ ಪಾಕ,
ಬಿಟ್ಟರೆ ಮೂಗಿನ ತುದಿಯಲ್ಲೆ ನಾಕ.

ನೂರಕ್ಕೆ ಅರವತ್ತೆರಡು. ಪಾಸ್.

ಹಮಾಲರು ಸೇದುವ ಅಗ್ಗದ ಚುಟ್ಟಕ್ಕೆ ಇಷ್ಟುದ್ದ ಬರೆಯುತ್ತೀರಲ್ಲ ಎಂದು ನಮ್ಮ ಹೆಡ್ ಮಾಸ್ತರ್ ನಗುತ್ತಾರೆ. ನಗಲಿ. ನಿಮ್ಮ ಅಬ್ಬಾ ಮಲಂಗಸಾಬರು ಹಾಕಿದ ಕಟ್ಟಳೆ ಅವರಿಗೇನು ಗೊತ್ತು? ಮನೆಯ ಮಾಲಿಗೆ ಮನೆಯವರೇ ಪಾಸ್ ಕೊಡಬಾರದು, ಹೊರಗಿನ ಒಂದು ಬಾಯಿ ಹೂಂ ಅಂದ ಮೇಲೆಯೇ ಕಟ್ಟು ಬಿಚ್ಚಬೇಕು. ನಾನು ಬಿ.ಎ. ಓದುವಾಗಿನಿಂದ ಆ ಬಾಯಿ ನನ್ನದು. ನೀನಂತೂ ಚಿಕ್ಕಂದಿನಲ್ಲಿ ಎದೆಯ ಬೇನೆಯಿಂದ ಮಲಗಿದವನು. ಚುಟ್ಟ ಮುಟ್ಟಬೇಡ ಎಂದು ಅವರು ಅಂದದ್ದನ್ನು ಇಂದಿಗೂ ಮೀರಿಲ್ಲ.

ನನ್ನಾಕೆ ಗೋಪಮ್ಮ ಕ್ಷೇಮ. ಈಚೆಗೆ ಅವಳು ಅರೆಯುವ ಚಟ್ನಿ ವಿಪರೀತ ಖಾರ. "ಮೊದಲಿನಷ್ಟ ಹಾಕೀನ್ರೀ, ನಿಮ್ಮ ನಾಲಿಗೀನ ಸಣ್ಣ ಕೂಸಿನ ನಾಲಿಗಿ ಆಗ್ಯಾದ" ಎನ್ನುತ್ತಾಳೆ. ಅಡುಗೆ ಮಾಡಿದವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಇನ್ನೂ ಕಂಡಿಲ್ಲ.

ನಿನ್ನ
ಕನಕರಾಯ


ರಾಯಚೂರು, ತೀನ್ ಕಂದೀಲ್
4 ಡಿಸೆಂಬರ್ 1978

ಕನಕರಾಯ ಮಾಸ್ತರನಿಗೆ ಸತ್ತಾರನ ಸಲಾಂ.

ಅರವತ್ತೆರಡು ಸಾಕು. ಕಟ್ಟುಗಳನ್ನು ಅಂಗಡಿಗೆ ಇಳಿಸಿದೆ. ನನಗೆ ಕನ್ನಡ ಅಕ್ಷರ ತಿದ್ದಿಸಿದವನು ನೀನೇ, ತಪ್ಪಿದ್ದರೆ ನಿನ್ನದೇ ಅಂದುಕೋ.

ಈಗ ಬರೆಯುವುದು ಬೇರೆ ವಿಷಯ. ಹಿಂದಿನ ಕೋಣೆಯ ಬೇವಿನ ಪೆಟ್ಟಿಗೆ ನಿನಗೆ ನೆನಪಿರಬೇಕು. 1971ರ ಚಳಿಗಾಲದಲ್ಲಿ ಎಲೆಯನ್ನು ಅಬ್ಬಾ ಒಂದೊಂದಾಗಿ ಆರಿಸಿದ, ಮೂಕಮ್ಮ ಸುತ್ತಿದಳು, ಇಬ್ಬರೂ ಕೂತು ಅದರ ತುಂಬ ಜೋಡಿಸಿದರು. ಬೇವಿನ ಹಲಗೆಗೆ ಹುಳು ಹತ್ತುವುದಿಲ್ಲ ಎಂದು ಅವನೇ ಮಾಡಿಸಿದ ಪೆಟ್ಟಿಗೆ. "ಏಳು ಚಳಿ ದಾಟಲಿ, ಆಮ್ಯಾಲ ತೆಗಿ" ಅಂದಿದ್ದ. ಬೇಸಿಗೆ ಬರುವುದರೊಳಗೆ ಅವನೇ ಹೋದ. ಏಳು ಚಳಿ ದಾಟಿವೆ. ಮೊನ್ನೆ ಮುಚ್ಚಳ ತೆಗೆದೆ. ಖುರ್ಷೀದ್ ಒಳಗಿನಿಂದ ಬಂದು ಬಾಗಿಲಲ್ಲೇ ನಿಂತಳು, ಹತ್ತಿರ ಬರಲಿಲ್ಲ.

ನಮ್ಮ ಭಾವ, ಖುರ್ಷೀದಳ ಅಣ್ಣ, ದಿನವೂ ಬಂದು ಕೂರುತ್ತಾನೆ. "ಇನ್ನ ಚುಟ್ಟಾ ಯಾರು ಸೇದ್ತಾರ ಭಾಯಿ? ಫಿಲ್ಟರ್ ಸಿಗರೇಟು ಇಡು, ಸೋಡಾ ಇಡು" ಎನ್ನುವುದೇ ಅವನ ಪಾಠ. ಅವನು ಹೇಳುವುದು ಸುಳ್ಳಲ್ಲ. ಆದರೆ ಈ ಪೆಟ್ಟಿಗೆ ಪಾಸಾದರೆ ನಾನು ಅವನಿಗೆ ಬೇಡ ಅನ್ನುತ್ತೇನೆ. ಇಂಥ ಮಾಲು ಇಟ್ಟುಕೊಂಡು, ಇನ್ನೂ ಇಂಥದ್ದೇ ಮಾಡಿಸಿಕೊಂಡು ಅಂಗಡಿ ನಡೆಸುತ್ತೇನೆ. ಮೂಕಮ್ಮನಿಗೂ ಕೆಲಸ ಉಳಿಯುತ್ತದೆ.

ಇದೆಲ್ಲ ಇರಲಿ. ಅಬ್ಬಾ ಕೊನೆಯಲ್ಲಿ ಮಾಡಿದ್ದು ಹೇಗಿದೆ ಎಂದು ನನಗೆ ತಿಳಿಯಬೇಕು. ತಿಳಿಯಲು ನಿನ್ನ ಬಾಯಿ ಬಿಟ್ಟರೆ ನನಗೆ ದಾರಿಯಿಲ್ಲ. ಐದು ಕಳಿಸಿದ್ದೇನೆ. ಕಂಡಕ್ಟರನಿಗೆ ಬೇರೆಯದೊಂದು ಕೊಟ್ಟು, ಇವುಗಳನ್ನು ಮುಟ್ಟಬೇಡ ಎಂದು ಹೇಳಿದ್ದೇನೆ. ಗೆಳೆತನ ನೋಡಿ ಅಂಕ ಹಾಕಬೇಡ.

ಸತ್ತಾರ್


ದೇವದುರ್ಗ
30 ಡಿಸೆಂಬರ್ 1978

ಗೆಳೆಯ ಸತ್ತಾರ್,

ಐದೂ ಮುಟ್ಟಿದವು. ಉತ್ತರ ಬರೆಯಲು ತಡವಾಯಿತು. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ಮೊದಲನೆಯದನ್ನು ಶಾಲೆಗೆ ರಜೆ ಇದ್ದ ದಿನ ಊಟಕ್ಕೆ ಮುಂಚೆ ತೆಗೆದುಕೊಂಡು ಕೂತೆ. ಹೊರ ಎಲೆ ಎಣ್ಣೆ ಹಚ್ಚಿದ ಹಳೆಯ ಬಾಗಿಲಿನಂತೆ ಮಿನುಗುತ್ತಿತ್ತು. ಬೆರಳಿನಿಂದ ಒತ್ತಿದರೆ ಎಲ್ಲಿಯೂ ಟೊಳ್ಳಿಲ್ಲ. ಹಚ್ಚಿದ ಮೇಲೆ ಬೆಂಕಿ ಸುತ್ತಲೂ ಒಂದೇ ಸಮ ಇಳಿಯಿತು. ಬೂದಿಯಂತೂ ಸುಣ್ಣ, ಬೆರಳುದ್ದ ಆದರೂ ಬೀಳಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಬೂದಿ ನಾನು ಕಂಡಿಲ್ಲ. ಇಲ್ಲಿಗೇ ನಿಲ್ಲಿಸಿದರೆ ನೂರಕ್ಕೆ ತೊಂಬತ್ತು.

ಆದರೆ ಕಹಿ. ತಂಬಾಕಿಗೆ ಸಹಜವಾದ ಕಹಿಯಲ್ಲ. ಬೇವಿನ ತೊಗಟೆ ಜಗಿದಂತೆ, ನಾಲಿಗೆಯ ಎಡಮಗ್ಗುಲಿಗೆ ಅಂಟಿ ಕೂತದ್ದು ಊಟವಾದರೂ ಹೋಗಲಿಲ್ಲ. ನನಗೇ ಏನೋ ಆಗಿರಬೇಕು ಎಂದು ವಾರ ಬಿಟ್ಟೆ. ಮೊಸರಿನಲ್ಲಿ ಬಾಯಿ ಮುಕ್ಕಳಿಸಿ ಎರಡನೆಯದನ್ನು ಹಚ್ಚಿದೆ. ಅದೇ ಕಹಿ, ಅದೇ ಜಾಗ. ನಾನು ಪೆನ್ನು ಹಿಡಿದು ಸುಮ್ಮನೆ ಕೂತದ್ದನ್ನು ನೋಡಿ ಗೋಪಮ್ಮ ಕೇಳಿದಳು: "ಯಾರಿಗೆ ಬರೀಬೇಕಾಗೇದ? ಮುಂಜಾನಿಂದ ಮಾರಿ ಹಿಂಡಿಕೊಂಡು ಕುಂತೀರಿ."

"ಸತ್ತಾರನಿಗೆ."

"ಚಲೋ ಅದ ಅಂತ ಬರೀರಿ ಅತ್ಲಾಗ. ಪಾಪ, ಅವ್ರಪ್ಪಂದು."

ಅವಳು ಹೇಳಿದಂತೆ ಬರೆಯಲು ಆಗಲಿಲ್ಲ. ನೋಟಕ್ಕೆ ನವಾಬ, ಬಾಯಿಗೆ ಖರಾಬ. ಪ್ರಾಸ ಬಂದುಬಿಟ್ಟಿತು, ಕ್ಷಮಿಸು. ಇಂಥ ಸುದ್ದಿಗೆ ಅದು ಬರಬಾರದಿತ್ತು.

ನೂರಕ್ಕೆ ಇಪ್ಪತ್ತೆಂಟು. ಏಳು ವರ್ಷದಲ್ಲಿ ಹಲಗೆಯ ಗುಣ ಎಲೆಗೆ ಇಳಿದಿರಬಹುದೇ? ಬೇವು ಬೇವೇ ಅಲ್ಲವೇ? ನನಗೆ ಬೇರೆ ಕಾರಣ ತೋಚುತ್ತಿಲ್ಲ.

ಕನಕರಾಯ


ರಾಯಚೂರು
17 ಜನವರಿ 1979

ಮಾಸ್ತರ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೂಕಮ್ಮನಿಗೆ ಹೇಳಬಾರದು ಅಂದುಕೊಂಡಿದ್ದೆ, ಆದರೆ ಅವಳೇ ಕೇಳಿದಳು. ಹೇಳಿದೆ. ಸುತ್ತುತ್ತಿದ್ದ ಚುಟ್ಟವನ್ನು ಮಣೆಯ ಮೇಲೆ ಇಟ್ಟಳು.

"ಯಾರಂದ್ರು ಕಹಿ ಅಂತ?"

"ಮಾಸ್ತರು."

"ಎಲಿ ಆರಿಸಿದಾಂವ ನಿಮ್ಮಪ್ಪ. ಸುತ್ತಿದಾಕಿ ನಾನು. ಉಗುಳು ಹಚ್ಚಿ ಅಂಟಿಸಿದಾಕೀನೂ ನಾನು. ಅಂದ್ರ ನನ್ನ ಉಗುಳು ಕಹಿಯೇನು?"

"ಹಂಗಲ್ಲವ್ವ. ಪೆಟ್ಟಿಗಿ ಬೇವಿಂದು."

"ಏಳು ವರ್ಷ ಬೇವಿಂದ ಇತ್ತಲ್ಲ. ಇವತ್ತ ನಿನ್ನ ಕಣ್ಣಿಗಿ ಬಿತ್ತೇನು?"

ಅವಳು ಮತ್ತೆ ಮಣೆ ಎಳೆದುಕೊಂಡಳು. ಆ ದಿನ ಸುತ್ತಿದ್ದು ಎಲ್ಲ ಬಿಗಿಯಾಗಿತ್ತು, ಒಂದರಲ್ಲಿಯೂ ಗಾಳಿ ಆಡುತ್ತಿರಲಿಲ್ಲ. ಎಲ್ಲ ಬಿಚ್ಚಿಸಬೇಕಾಯಿತು.

ಅಬ್ಬಾ ತಪ್ಪು ಮಾಡಿರಬಹುದೇ ಎಂದು ನಾನು ಈ ಮೊದಲು ಯೋಚಿಸಿದವನಲ್ಲ. ಹುಳುವಿನ ಭಯಕ್ಕೆ ಬೇವು ಹಿಡಿದು, ರುಚಿ ಕಳೆದುಕೊಂಡನೇನೋ. ಖುರ್ಷೀದಳ ಅಣ್ಣನಿಗೆ ವಿಷಯ ತಿಳಿಯಿತು. ಅವನು ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು.

ನಿನ್ನ ಹತ್ತಿರ ಇನ್ನೂ ಮೂರಿವೆ. ಒಂದೊಂದಾಗಿ, ಬೇರೆ ಬೇರೆ ದಿನ ನೋಡು. ಬೇರೆ ಮಾತು ಬಂದರೆ ತಕ್ಷಣ ಬರೆ. ಬರದಿದ್ದರೂ ಬರೆ.

ಸತ್ತಾರ್


ದೇವದುರ್ಗ
22 ಮಾರ್ಚ್ 1979

ಸತ್ತಾರ್,

ಮೂರನೆಯದನ್ನು ಅರ್ಧಕ್ಕೆ ಬಿಟ್ಟೆ. ನಾಲ್ಕನೆಯದನ್ನು ಹಚ್ಚಿದ ಕೂಡಲೇ ಬಿಡಬೇಕಾಯಿತು. ಅದೇ ಕಹಿ, ಈಗ ಜೊತೆಗೆ ಉರಿ. ಐದನೆಯದನ್ನು ಮುಟ್ಟಿಲ್ಲ.

ಬೇರೆ ಮಾತು ಬರೆಯಬೇಕೆಂದು ಬಹಳ ಇತ್ತು. ಪರೀಕ್ಷೆಯ ಪೇಪರುಗಳ ಕಟ್ಟು ಮುಂದಿದೆ, ಎಲ್ಲರಿಗೂ ಉದಾರವಾಗಿ ಹಾಕುತ್ತಿದ್ದೇನೆ. ನಿನಗೊಬ್ಬನಿಗೆ ಆಗಲಿಲ್ಲ.

ಕೆಲವು ದಿನ ಮಾಲು ಕಳಿಸಬೇಡ. ಬೇರೆ ಬಾಯಿ ನೋಡಿಕೋ. ಬೇಸಿಗೆ ರಜೆಯಲ್ಲಿ ನಾನು ಹೈದರಾಬಾದಿಗೆ ಹೋಗುತ್ತಿದ್ದೇನೆ. ಭಾಷಾ ಶಿಕ್ಷಕರಿಗೆ ಏನೋ ತರಬೇತಿ. ಈ ವಯಸ್ಸಿನಲ್ಲಿ ನನಗೆ ಏನು ಕಲಿಸುತ್ತಾರೋ ತಿಳಿಯದು. ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಸಿದರೆ ಗೋಪಮ್ಮನಿಗೆ ಸಮಾಧಾನ.

ಅವಳು ನಿನಗೆ ನಮಸ್ಕಾರ ಹೇಳಿದ್ದಾಳೆ. ರೊಟ್ಟಿ ಬಡಿಯುವುದನ್ನು ಬಿಟ್ಟು ನನಗಾಗಿ ದಿನವೂ ಗಂಜಿ ಕಾಸುತ್ತಿದ್ದಾಳೆ. ಮನೆಯಲ್ಲಿ ರೊಟ್ಟಿಯ ಸದ್ದಿಲ್ಲದೆ ಊರೇ ಬಿಕೋ ಎನ್ನಿಸುತ್ತದೆ.

ಕನಕರಾಯ


ರಾಯಚೂರು
19 ಮೇ 1979

ಮಾಸ್ತರ,

ನಿನ್ನ ಮಾರ್ಚ್ ಕಾಗದಕ್ಕೆ ಬೇಗ ಉತ್ತರ ಬರೆಯಲಿಲ್ಲ. ಮುನಿಸು ಅಂತಲೇ ತಿಳಿ. ಬೇರೆ ಬಾಯಿ ನೋಡಿಕೋ ಎಂದು ಬರೆದೆಯಲ್ಲ, ಅದು ಚುಚ್ಚಿತು. ಆಮೇಲೆ ನಿನ್ನ ಕಡೆಯಿಂದ ಯೋಚಿಸಿದೆ. ಅಬ್ಬಾನ ಮಾಲಿಗೆ ಮತ್ತೆ ಮತ್ತೆ ನಪಾಸ್ ಬರೆಯುವುದು ನಿನಗೂ ಸುಖವಲ್ಲ. ಬಿಡಿಸಿಕೊಳ್ಳಲು ನೋಡಿದಿ. ಅದರಲ್ಲಿ ತಪ್ಪೇನೂ ಇಲ್ಲ.

ನನಗೊಂದು ದಾರಿ ಹೊಳೆದಿದೆ. ಒರಟು ಮಾಲು ಬಂದಾಗ ಅಬ್ಬಾ ಬೆಲ್ಲದ ನೀರು ಚಿಮುಕಿಸಿ ಬಿಸಿಲಿಗೆ ಹಾಕುತ್ತಿದ್ದ. ಎಲೆ ಮೆತ್ತಗಾಗಿ ಕಹಿ ಇಳಿಯುತ್ತಿತ್ತು. ಅವನು ಮಾಡುತ್ತಿದ್ದದ್ದು ಹೊಸ ಎಲೆಗೆ, ಇದು ಹಳೆಯದು, ಅಷ್ಟೇ ವ್ಯತ್ಯಾಸ. ಬೇವು ಏಳು ವರ್ಷ ಕೂತಿದೆ, ಆದ್ದರಿಂದ ಬರಿ ಚಿಮುಕಿಸಿದರೆ ಸಾಲದು, ಅದ್ದಿ ತೆಗೆಯಬೇಕು. ಪೆಟ್ಟಿಗೆಯಿಂದ ಎಲ್ಲವನ್ನೂ ತೆಗೆದು ಒಂದೇ ಸಲ ಮಾಡುತ್ತೇನೆ. ರಾಯಚೂರಿನ ಬಿಸಿಲು ನಿನಗೆ ಗೊತ್ತಲ್ಲ, ಒಂದು ಹಗಲಿಗೆ ಒಣಗುತ್ತವೆ.

ಬೇಡ ಎನ್ನುವುದಾದರೆ ಜೂನಿನ ಮಿರಗ ಮಳೆ ಕೂಡುವ ಮೊದಲು ಒಂದು ಕಾರ್ಡು ಹಾಕು. ಬರದಿದ್ದರೆ ಹೂಂ ಅಂದಿ ಅಂತ ತಿಳಿಯುತ್ತೇನೆ. ದೇವದುರ್ಗದ ವಿಳಾಸಕ್ಕೇ ಹಾಕುತ್ತಿದ್ದೇನೆ. ತರಬೇತಿ ಮುಗಿಸಿ ನೀನು ಬಂದಿರಬಹುದು.

ಸತ್ತಾರ್


ರಾಯಚೂರು
26 ಜೂನ್ 1979

ಕನಕರಾಯ,

ನಿನ್ನ ಕಾರ್ಡು ಬರಲಿಲ್ಲ. ದಿನವೂ ಪೋಸ್ಟಿನವನನ್ನು ಕೇಳಿದೆ. ಮಿರಗ ಹತ್ತಿರ ಬಂತು, ಇನ್ನು ಕಾಯುವುದು ಬೇಡವೆಂದು ಪೆಟ್ಟಿಗೆ ಬರಿದು ಮಾಡಿದೆ. ಮೇಲಿನ ಸಾಲಿನಿಂದ ತಳದ ಸಾಲಿನ ತನಕ ಎಲ್ಲವನ್ನೂ ಬೆಲ್ಲದ ನೀರಿನಲ್ಲಿ ಅದ್ದಿ ಮಾಳಿಗೆಯ ಮೇಲೆ ಚಾಪೆ ಹಾಸಿ ಹರವಿದೆ. ಮೂಕಮ್ಮ ಕೈ ಹಚ್ಚಲಿಲ್ಲ. ನೆರಳಿಗೆ ಕೂತು ನೋಡಿದಳು.

ಮಧ್ಯಾಹ್ನ ಮೋಡ ಕವಿಯಿತು. ಹನಿ ಬೀಳುವ ಮೊದಲೇ ಇಳಿಸಿದೆ, ಆದರೆ ಬಿಸಿಲು ಸಾಲಲಿಲ್ಲ. ನಾಳೆ ಬಿಸಿಲು ಬರುತ್ತದೆ ಎಂದು ಮತ್ತೆ ಪೆಟ್ಟಿಗೆಯಲ್ಲೇ ಜೋಡಿಸಿ ಮುಚ್ಚಿದೆ. ಆ ವಾರವೆಲ್ಲ ಬಿಸಿಲು ಬರಲಿಲ್ಲ. ಮುಚ್ಚಳ ತೆಗೆದಾಗ ಬಿಳಿಯ ಬೂಷ್ಟು, ಕೂದಲಿನ ಹಾಗೆ ಎದ್ದಿತ್ತು. ಹಿಡಿದರೆ ಎಲೆ ಬೆರಳಿಗೆ ಅಂಟಿ ಬರುತ್ತಿತ್ತು. ಒಂದೂ ಉಳಿಯಲಿಲ್ಲ. ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿದು ಬಂದೆ.

ಮೂಕಮ್ಮ ಕೇಳಿದಳು, "ಎಲ್ಲಾ ಚೆಲ್ಲಿದಿ?"

"ಎಲ್ಲಾ."

"ನಿಮ್ಮಪ್ಪ ಎರಡು ಸಲ ಸತ್ತ ನೋಡು" ಅಂದಳು. ಮಣೆಯನ್ನು ಗೋಡೆಗೆ ಒರಗಿಸಿ, ಸೀರೆಯ ಸೆರಗು ಝಾಡಿಸಿ, ಕುರ್ಡಿಯ ತನ್ನ ಮಗಳ ಮನೆಗೆ ಹೋದಳು.

ಈಗ ಅಂಗಡಿಯಲ್ಲಿ ಸೋಡಾ ಇದೆ. ಬೇವಿನ ಪೆಟ್ಟಿಗೆಯಲ್ಲಿ ಖಾಲಿ ಸೀಸೆ ಇಡುತ್ತಾರೆ.

ನಿನ್ನ ತರಬೇತಿ ಇಷ್ಟರಲ್ಲಿ ಮುಗಿದಿರಬೇಕು. ಬೇಡ ಎಂಬ ಎರಡಕ್ಷರಕ್ಕೆ ನಿನಗೆ ಪುರುಸೊತ್ತು ಆಗಲಿಲ್ಲ. ಪ್ರಾಸಕ್ಕೆ ಮಾತ್ರ ಯಾವಾಗಲೂ ಆಗುತ್ತಿತ್ತು.

ಸತ್ತಾರ್


ಮಾನ್ವಿ
19 ಆಗಸ್ಟ್ 1979

ಸತ್ತಾರ್,

ನಿನ್ನ ಮೇ ಕಾಗದ, ಜೂನ್ ಕಾಗದ ಎರಡನ್ನೂ ಹೆಡ್ ಮಾಸ್ತರರು ನಮ್ಮ ಮನೆಯ ಬೀಗ ತೆಗೆದು, ಒಂದೇ ಲಕೋಟೆಯಲ್ಲಿ ಹಾಕಿ ಇಲ್ಲಿಗೆ ಕಳಿಸಿದರು. ನಾವು ಮಾನ್ವಿಯಲ್ಲಿ ಗೋಪಮ್ಮನ ಅಣ್ಣನ ಮನೆಯಲ್ಲಿದ್ದೇವೆ. ಎರಡನ್ನೂ ಒಂದೇ ಸಲ ಕೂತು ಓದಿದೆ. ನೀನು ಕಾಯುತ್ತಿದ್ದ ದಿನಗಳಲ್ಲಿ ನಿನ್ನ ಕಾಗದ ದೇವದುರ್ಗದ ಬೀಗ ಹಾಕಿದ ಬಾಗಿಲಿನ ಒಳಗೆ ಬಿದ್ದಿತ್ತು.

ಹೈದರಾಬಾದಿನಲ್ಲಿ ತರಬೇತಿ ಇರಲಿಲ್ಲ. ಆಸ್ಪತ್ರೆ ಇತ್ತು. ನಾಲಿಗೆಯ ಎಡಮಗ್ಗುಲಲ್ಲಿ ಹುಣ್ಣಾಗಿತ್ತು, ನಾನು ಹಲ್ಲು ತಾಗಿದ್ದು ಅಂದುಕೊಂಡಿದ್ದೆ. ಡಾಕ್ಟರರು ಅದರ ಹೆಸರನ್ನು ಗೋಪಮ್ಮನ ಮುಂದೆ ಇಂಗ್ಲಿಷಿನಲ್ಲಿ ಹೇಳಿದರು. ಅವಳಿಗೆ ಅರ್ಥವಾಯಿತು. ನಾಲಿಗೆಯ ಆ ಮಗ್ಗುಲನ್ನು ಕತ್ತರಿಸಿ ತೆಗೆದಿದ್ದಾರೆ. ಈಗ ನಾನು ಮಾತಾಡಿದರೆ ಯಾರಿಗೂ ತಿಳಿಯುವುದಿಲ್ಲ, ಅದಕ್ಕೆ ಸ್ಲೇಟು ಹಿಡಿದಿದ್ದೇನೆ. ಗೋಪಮ್ಮನಿಗೆ ಓದಲು ಬರುವುದಿಲ್ಲ, ಆದ್ದರಿಂದ ನೀರು ಬೇಕಾದರೆ ಚಂಬಿನ ಚಿತ್ರ ಬರೆಯುತ್ತೇನೆ. ನನ್ನ ಚಿತ್ರಕಲೆ ನಿನಗೆ ಗೊತ್ತು. ಮೊನ್ನೆ ಚಾದರ ಕೇಳಿದರೆ ಮೊರ ತಂದುಕೊಟ್ಟಳು.

ಏಪ್ರಿಲ್‌ನಲ್ಲಿ ದೇವದುರ್ಗದಲ್ಲಿ ಒಂದು ಮದುವೆಯ ಮನೆ. ಎಲ್ಲರ ಕೈಗೂ ಬೆಲ್ಲದ ಚೂರು ಕೊಟ್ಟರು. ಬಾಯಿಗೆ ಹಾಕಿದೆ, ಕಹಿ. ಪಕ್ಕದವನು ಚಪ್ಪರಿಸುತ್ತಿದ್ದ. ಅವನ ಕೈಯ ಚೂರಿನಿಂದ ಸ್ವಲ್ಪ ಮುರಿದುಕೊಂಡು ತಿಂದೆ. ಅದೂ ಕಹಿ. "ಮಾಸ್ತರ್ರಿಗೆ ಬೆಲ್ಲದ ಮ್ಯಾಲ ಭಾಳ ಆಶಾ" ಎಂದು ಅವನು ನಕ್ಕ. ಆಗಲೇ ತಿಳಿಯಿತು, ಚುಟ್ಟದ ವಿಷಯ. ಆ ದಿನವೇ ನಿನಗೆ ಬರೆಯಬಹುದಿತ್ತು. ಬೆಲ್ಲ ಕಹಿ ಎಂದು ಬರೆದರೆ ಉಳಿದದ್ದನ್ನೂ ಬರೆಯಬೇಕಾಗುತ್ತಿತ್ತು. ಹೈದರಾಬಾದಿನಿಂದ ಬಂದು ನಿಧಾನವಾಗಿ ಬರೆಯೋಣ ಅಂದುಕೊಂಡೆ. ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ, ಏಳು ವರ್ಷ ಕಾದದ್ದು ಇನ್ನೆರಡು ತಿಂಗಳು ಕಾಯುತ್ತದೆ ಅಂದುಕೊಂಡೆ.

ಪೆಟ್ಟಿಗೆಯ ಮಾಲು ಕಹಿಯಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ನಾನು ಒಮ್ಮೆಯೂ ಸರಿಯಾದ ಬಾಯಿಂದ ಸೇದಲಿಲ್ಲ. ಮಲಂಗಸಾಬರಿಗೆ, ಮೂಕಮ್ಮನಿಗೆ ಇಪ್ಪತ್ತೆಂಟು ಅಂಕ ಹಾಕಿದ್ದು ನನ್ನ ಹುಣ್ಣು.

ಐದನೆಯ ಚುಟ್ಟ ಉಳಿದಿದೆ. ಗೋಪಮ್ಮ ಅದನ್ನು ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಟ್ಟಿದ್ದಳು. ನೀರು ತಾಗಿಲ್ಲ, ಹುಳು ಹತ್ತಿಲ್ಲ. ಇದರ ಜೊತೆಗೆ ಕಳಿಸುತ್ತಿದ್ದೇನೆ. ಇದನ್ನು ನೀನು ಸೇದು. ಬೇರೆ ಯಾರಿಗೂ ಕೊಡಬೇಡ. ಅಂಗಡಿಯ ಸಾಹುಕಾರ ಕೊಟ್ಟದ್ದೆಂದು ಚಲೋ ಅದ ಅನ್ನುತ್ತಾರೆ. ಅಬ್ಬಾ ಬೇಡ ಅಂದಿದ್ದ ಅನ್ನಬೇಡ. ಈ ಒಂದಕ್ಕೆ ಅವರು ಕ್ಷಮಿಸುತ್ತಾರೆ.

ಸೇದಿ ಹೇಗಿತ್ತು ಬರೆ. ಒಳ್ಳೆಯದಿದ್ದರೆ ಒಳ್ಳೆಯದು ಎಂದು ಬರೆ, ಕೆಟ್ಟದ್ದಿದ್ದರೆ ಕೆಟ್ಟದ್ದು. ನನಗೆ ಅದೊಂದು ತಿಳಿಯಬೇಕು. ಬೇಗ ಬರೆ. ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿದೆ, ಮತ್ತೆ ಬರಹೇಳಿದ್ದಾರೆ.

ನೋಡಲು ಬರಬೇಡ. ಬಂದರೆ ಇಡೀ ಹೊತ್ತು ನೀನೇ ಮಾತಾಡಬೇಕಾಗುತ್ತದೆ. ನಿನಗೆ ಅಭ್ಯಾಸವಿಲ್ಲ.

ಕನಕರಾಯ


ರಾಯಚೂರು
4 ಸೆಪ್ಟೆಂಬರ್ 1979

ಕನಕರಾಯ,

ಮೊದಲು ಒಂದು ಕಾರ್ಡಿನಲ್ಲಿ 'ಬಹಳ ಚೆನ್ನಾಗಿತ್ತು, ಜೇನು' ಎಂದು ಬರೆದೆ. ಬರೆಯುವಾಗ ಇನ್ನೂ ಹಚ್ಚಿಯೇ ಇರಲಿಲ್ಲ. ಅದನ್ನು ಹರಿದು ಹಾಕಿದೆ. ಜೂನ್ ಕಾಗದದ ಕೊನೆಯ ಸಾಲನ್ನೂ ಹರಿಯಲು ಬರುವಂತಿದ್ದರೆ ಹರಿಯುತ್ತಿದ್ದೆ.

ಅಂಗಡಿಯಲ್ಲಿ ಹಚ್ಚಲು ಮನಸ್ಸಾಗಲಿಲ್ಲ. ಅಲ್ಲಿ ಇಡೀ ದಿನ ಸೋಡಾ ಒಡೆಯುವ ಸದ್ದು. ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಕುರ್ಡಿಗೆ ಹೋದೆ. ಮೂಕಮ್ಮ ಮಗಳ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾಕ ಬಂದಿ?"

"ಒಂದು ಉಳದೈತಿ."

ಕೈ ಚಾಚಿದಳು. ಹಿಡಿದು ತಿರುಗಿಸಿ ನೋಡಿ "ನಂದ" ಅಂದಳು, ವಾಪಸು ಕೊಟ್ಟಳು. ನಿನ್ನ ವಿಷಯ ಹೇಳಿದೆ, ಬಿಡದೆ ಎಲ್ಲ ಹೇಳಿದೆ. ಶೇಂಗಾ ಸುಲಿಯುವುದು ನಿಂತಿತು.

"ಏಸು ವಯಸ್ಸು ಮಾಸ್ತರಂದು?"

"ನನ್ನ ವಾರಗಿ. ನಲವತ್ತೈದು."

"ಹೋಗೋ ವಯಸ್ಸಲ್ಲ."

"ಹೋಗಿಲ್ಲವ್ವ."

"ಹೋಗ್ಯಾನ ಅಂತ ನಾನೆಲ್ಲಿ ಅಂದೆ?"

ಆಮೇಲೆ ಅವಳೇ, "ಹಚ್ಚು ಮತ್ತ, ಅದಕ್ಕ ಬಂದೀದಿ" ಅಂದಳು. ನೀನೇ ಸೇದಿ ನೋಡು ಎಂದೆ. "ಸುತ್ತಿದಾಕಿ ಸೇದಿ ಚಲೋ ಅದ ಅಂದ್ರ ಯಾರು ಕೇಳ್ತಾರ?" ಅಂದಳು.

ನೀನು ಮಾಡುವ ಹಾಗೆಯೇ ಮಾಡಿದೆ. ಮೊದಲು ನೋಡಿದೆ, ಮೂಸಿದೆ. ಅಬ್ಬಾನ ಕೋಟಿನ ವಾಸನೆ ಎಂದು ಬರೆಯಬಹುದು, ಆದರೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಅದೇ ವಾಸನೆ ಇತ್ತು. ಬರಿದೇ ಎಳೆದೆ, ಗಾಳಿ ಬಂತು. ಹಚ್ಚಿದೆ. ಎಳೆದ ಕೂಡಲೇ ಹೊಗೆ ನುಂಗಿ ಕಣ್ಣಲ್ಲಿ ನೀರು ಬಂತು. "ಬಾಯಾಗ ಇಟ್ಕೊ, ನುಂಗಬ್ಯಾಡ. ಎಷ್ಟು ವರ್ಷ ಮಾರೀದಿ ಇವನ್ನ" ಎಂದು ಮೂಕಮ್ಮ ಬೆನ್ನಿಗೆ ಗುದ್ದಿದಳು. ಕೆಮ್ಮು ನಿಂತ ಮೇಲೆ ಮತ್ತೆ ಎಳೆದೆ. ಬೂದಿ ನೀನು ಬರೆದಂತೆಯೇ ಸುಣ್ಣ, ಬೀಳಲಿಲ್ಲ. ಬೆಂಕಿ ಒಂದೇ ಸಮ.

ರುಚಿ ಕಹಿ. ಹೌದು, ಕಹಿ. ಆದರೆ ಯಾವ ಕಹಿ? ಅಂಗಡಿಯಿಂದ ಎರಡು ವರ್ಷದ ಸಾದಾ ಚುಟ್ಟ ಒಂದನ್ನು ಜೊತೆಗೆ ಒಯ್ದಿದ್ದೆ, ನೀನು ಅರವತ್ತೆರಡು ಹಾಕಿದ ಮಾಲು. ಬಾಯಿ ತೊಳೆದುಕೊಂಡು ಅದನ್ನೂ ಹಚ್ಚಿದೆ. ಅದೂ ಕಹಿ. ಮತ್ತೆ ಇದನ್ನು ಎಳೆದೆ. ಮತ್ತೆ ಅದನ್ನು. ಹುರಿದ ಕಡಲೆ ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಹುಡುಕಿದೆ. ಎರಡರಲ್ಲಿಯೂ ಸಿಗಲಿಲ್ಲ. ನನ್ನ ಬಾಯಿಗೆ ಅಬ್ಬಾನ ಏಳು ವರ್ಷವೂ ಅಂಗಡಿಯ ಎರಡು ವರ್ಷವೂ ಒಂದೇ ಆದವು.

"ಹೆಂಗದ?" ಎಂದು ಮೂಕಮ್ಮ ಕೇಳಿದಳು. ಅಷ್ಟು ಹೊತ್ತು ಕೇಳದೆ ತಡೆದುಕೊಂಡಿದ್ದಳು.

"ತಿಳೀವಲ್ದವ್ವ."

"ಚಲೋನೂ ಅಲ್ಲ?"

"ಚಲೋ, ಕೆಟ್ಟ, ಎರಡೂ ತಿಳೀವಲ್ದು."

ನನ್ನ ಮುಖ ನೋಡಿದಳು. ಸುಳ್ಳು ಹೇಳುತ್ತೇನೆ ಎಂದು ಕಾದಿದ್ದಳೇನೋ. ನಾನು ಹೇಳಲಿಲ್ಲ. "ಹಂಗಾರ ಇನ್ನ ಅದು ಯಾರಿಗೂ ತಿಳಿಯಂಗಿಲ್ಲ ಬಿಡು" ಎಂದು ಶೇಂಗಾದ ಮೊರ ಮುಂದೆ ಎಳೆದುಕೊಂಡಳು.

ಅಂಗಡಿಗೆ ಬಾ ಎಂದು ಕರೆದೆ.

"ಯಾಕ, ಸೋಡಾ ಸುತ್ತಾಕ?"

ಬಸ್ಸಿನ ತನಕ ಯಾರೂ ಬರಲಿಲ್ಲ. ರಸ್ತೆಗೆ ಬಂದಾಗ ಮಾನ್ವಿಯ ಬಸ್ಸು ನಿಂತಿತ್ತು. ಕಂಡಕ್ಟರ್ ಎರಡು ಸಲ "ಬರ್ರಿ, ಬರ್ರಿ" ಅಂದ. ನೀನು ಬೇಡ ಎಂದು ಬರೆದಿದ್ದೆ. ಅದು ಹೋದ ಮೇಲೆ ರಾಯಚೂರಿನದು ಬಂತು, ಹತ್ತಿದೆ. ಮನೆಗೆ ಬಂದ ಮೇಲೆ ಖುರ್ಷೀದ್ ಮೂಗು ಎಳೆದು ನನ್ನನ್ನು ನೋಡಿದಳು.

ನೀನು ಕೇಳಿದ್ದು ಒಂದೇ, ಅದಕ್ಕೆ ನನ್ನಿಂದ ಉತ್ತರ ಆಗಲಿಲ್ಲ. ನಿನಗೆ ಸುಳ್ಳು ಬರೆಯುವುದಕ್ಕಿಂತ ಇದು ಮೇಲು ಎಂದು ಬಸ್ಸಿನಲ್ಲಿ ಅನ್ನಿಸಿತ್ತು. ಈಗ ಬರೆಯುತ್ತ ಕೂತಾಗ ಅಷ್ಟು ಖಚಿತವಿಲ್ಲ.

ಪೂರ್ತಿ ಸೇದಲಿಲ್ಲ. ಅರ್ಧಕ್ಕೆ ಆರಿಸಿ, ತುದಿ ಕತ್ತರಿಸಿ, ಒಣ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ರುಚಿ ಬಲ್ಲ ಬಾಯಿ ಈ ಜಿಲ್ಲೆಯಲ್ಲಿ ನಿನಗೆ ಗೊತ್ತಿದ್ದದ್ದು ಯಾವುದಾದರೂ ಇರಬೇಕು. ಯಾರಿಗೆ ಕೊಡಲಿ ಬರೆ. ನೀನು ಬರೆಯುವ ತನಕ ಆ ಅರ್ಧವನ್ನು ಯಾರಿಗೂ ಹಚ್ಚಲು ಕೊಡುವುದಿಲ್ಲ.

ಸತ್ತಾರ್